ಕೆಂಪು ಸಮುದ್ರದ ಕ್ಷಿಪಣಿ, ಕುಶಾಲನಗರದ ಕಾಫಿ ರೇಟು

2025ರ ಜುಲೈ ಮೊದಲ ವಾರದ ಸುದ್ದಿ ನೆನಪಿದೆಯಾ? ಯೆಮನ್‌ನ ಹೂತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ‘ಮ್ಯಾಜಿಕ್ ಸೀಸ್’ ಮತ್ತು ‘ಎಟರ್ನಿಟಿ ಸಿ’ ಎಂಬ ಎರಡು ಹಡಗುಗಳನ್ನು ಮುಳುಗಿಸಿದರು. ಅದಕ್ಕೂ ಒಂದೂವರೆ ವರ್ಷದ ಹಿಂದೆ ಇದೇ ಹೂತಿಗಳ ದಾಳಿ ಶುರುವಾದಾಗ ಕೊಡಗಿನಲ್ಲಿ ರೋಬಸ್ಟಾ ಕಾಫಿಯ ರೇಟು ಏರುತ್ತಲೇ ಹೋಗಿತ್ತು. 2024ರಲ್ಲಿ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿಯ 50 ಕಿಲೋ ಮೂಟೆ 10,000 ರೂಪಾಯಿ ದಾಟಿತು. ಹಾಗಾಗಿ ಜುಲೈ ಸುದ್ದಿ ಕೇಳಿದ ಹಲವರು ಮತ್ತೆ ರೇಟು ಏರುತ್ತದೆ ಅಂದುಕೊಂಡರು. ಏರಲಿಲ್ಲ. ಆ ತಿಂಗಳ ಮಧ್ಯಕ್ಕೆ ಲಂಡನ್ ಟರ್ಮಿನಲ್‌ನಲ್ಲಿ, ಅಂದರೆ ಅಲ್ಲಿನ ವಾಯಿದಾ ಮಾರುಕಟ್ಟೆಯಲ್ಲಿ, ರೋಬಸ್ಟಾ ಟನ್‌ಗೆ 3,500 ಡಾಲರ್‌ಗಿಂತ ಕೆಳಗಿತ್ತು. ಅದೇ ವರ್ಷದ ಆರಂಭದಲ್ಲಿ 5,500 ಡಾಲರ್ ದಾಟಿದ್ದ ಕಾಫಿ ಅದು.

ಸಮುದ್ರ ಅದೇ, ಕ್ಷಿಪಣಿ ಅದೇ, ಕಾಫಿಯೂ ಅದೇ. ಒಮ್ಮೆ ರೇಟು ಏರಿತು, ಇನ್ನೊಮ್ಮೆ ಇಳಿಯಿತು. ಯುದ್ಧ ಅಂದರೆ ರೇಟು ಜಾಸ್ತಿ ಅನ್ನುವ ಸುಲಭದ ಸೂತ್ರ ಇಲ್ಲಿ ಕೈಕೊಡುತ್ತದೆ. ಅದನ್ನೇ ನಂಬಿ ಗೋಡೌನಿನಲ್ಲಿ ಮಾಲು ಇಟ್ಟುಕೊಂಡವರಿಗೆ ಆದ ನಷ್ಟ ಸಣ್ಣದಲ್ಲ. ಅದಕ್ಕೇ ಇದನ್ನು ನಿಧಾನವಾಗಿ ಬಿಡಿಸಿ ನೋಡಬೇಕು.

ರೇಟು ಎಲ್ಲಿಂದ ಬರುತ್ತದೆ

ಭಾರತದಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಟನ್ ಕಾಫಿ ಬೆಳೆಯುತ್ತದೆ. ಅದರಲ್ಲಿ ಮೂರನೇ ಒಂದು ಪಾಲಿನಷ್ಟು ಕೊಡಗಿನದು. ದೇಶದ ಬೆಳೆಯಲ್ಲಿ ಹೆಚ್ಚಿನದೆಲ್ಲ ಹೊರಗೆ ಹೋಗುತ್ತದೆ. ಅದರಲ್ಲೂ ದೊಡ್ಡ ಪಾಲು ಯೂರೋಪಿಗೆ, ಯೂರೋಪಿನಲ್ಲಿ ಮೊದಲ ಗಿರಾಕಿ ಇಟಲಿ. ಹಾಗಾಗಿ ರೇಟನ್ನು ಮಡಿಕೇರಿಯಲ್ಲೋ ಬೆಂಗಳೂರಿನಲ್ಲೋ ಕೂತು ಯಾರೂ ತೀರ್ಮಾನ ಮಾಡುವುದಿಲ್ಲ. ರೋಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್.

ಲಂಡನ್ ಬೆಲೆಯ ಮೇಲೆ ನಮ್ಮ ಕಾಫಿಗೆ ಗಿರಾಕಿ ಸ್ವಲ್ಪ ಹೆಚ್ಚು ಕೊಡಬಹುದು, ಅಥವಾ ಕಡಿಮೆ ಕೊಡಬಹುದು. ವ್ಯಾಪಾರದಲ್ಲಿ ಇದಕ್ಕೆ ಡಿಫರೆನ್ಷಿಯಲ್ ಅನ್ನುತ್ತಾರೆ. ಆ ಮೊತ್ತದಿಂದ ಕ್ಯೂರಿಂಗ್ (ಚೆರಿಯ ಸಿಪ್ಪೆ ತೆಗೆದು ಶುಚಿ ಮಾಡುವ) ಖರ್ಚು, ಲಾರಿ ಬಾಡಿಗೆ, ಬಂದರಿನ ಖರ್ಚು, ಬ್ಯಾಂಕ್ ಬಡ್ಡಿ, ರಫ್ತುದಾರನ ಲಾಭ ಎಲ್ಲ ಕಳೆಯಬೇಕು. ಉಳಿದದ್ದು ಕುಶಾಲನಗರದ ವ್ಯಾಪಾರಿ ಬೆಳಿಗ್ಗೆ ಫೋನಿನಲ್ಲಿ ಹೇಳುವ ರೇಟು. ಅದನ್ನೂ ಔಟ್‌ಟರ್ನ್ ಲೆಕ್ಕದಲ್ಲಿ ಹೇಳುತ್ತಾರೆ. 50 ಕಿಲೋ ಚೆರಿ ಮೂಟೆಯಿಂದ 26 ಕಿಲೋ ಕ್ಲೀನ್ ಕಾಫಿ ಬಂದರೆ 26 ಔಟ್‌ಟರ್ನ್.

ಅಂದರೆ ಬೆಳೆಗಾರರಿಗೆ ಸಿಗುವುದು ಎಲ್ಲರ ಖರ್ಚು ಕಳೆದ ಮೇಲೆ ಉಳಿದದ್ದು. ದಾರಿಯಲ್ಲಿ ಎಲ್ಲಿ ಖರ್ಚು ಹೆಚ್ಚಿದರೂ ಅದು ಇಲ್ಲಿಗೆ ಇಳಿದು ಬರಬಹುದು. ಬಂದೇ ಬರುತ್ತದೆ ಎಂದಲ್ಲ. ಬರುತ್ತದೋ ಇಲ್ಲವೋ ಅನ್ನುವುದರಲ್ಲೇ ಇಡೀ ವಿಷಯ ಇದೆ.

ಮೂವತ್ತು ಕಿಲೋಮೀಟರ್ ನೀರು

ಯೆಮನ್ ಮತ್ತು ಆಫ್ರಿಕಾದ ನಡುವೆ ಬಾಬ್ ಎಲ್ ಮಂದಬ್ ಎಂಬ ಜಲಸಂಧಿ ಇದೆ. ತೀರಾ ಕಿರಿದಾದ ಕಡೆ ಅಗಲ ಸುಮಾರು 30 ಕಿಲೋಮೀಟರ್, ಮಡಿಕೇರಿಯಿಂದ ಕುಶಾಲನಗರಕ್ಕೆ ಇರುವಷ್ಟು. ಭಾರತದಿಂದ ಸೂಯೆಜ್ ಕಾಲುವೆಗೆ ಹೋಗುವ ಪ್ರತಿ ಹಡಗೂ ಇದನ್ನು ದಾಟಲೇಬೇಕು.

2023ರ ನವೆಂಬರ್‌ನಲ್ಲಿ ಹೂತಿಗಳು ‘ಗ್ಯಾಲಕ್ಸಿ ಲೀಡರ್’ ಹಡಗನ್ನು ವಶಪಡಿಸಿಕೊಂಡರು. ಡಿಸೆಂಬರ್ ಹೊತ್ತಿಗೆ ಮೆರ್ಸ್ಕ್, ಎಂಎಸ್‌ಸಿ, ಹಪಾಗ್ ಲಾಯ್ಡ್‌ನಂಥ ದೊಡ್ಡ ಕಂಪನಿಗಳು ಆ ದಾರಿ ಬಿಟ್ಟವು. ನೌಕಾಪಡೆಗಳು ಇರಲಿಲ್ಲ ಎಂದಲ್ಲ. ಅಮೆರಿಕ ಮತ್ತು ಯೂರೋಪಿನ ಯುದ್ಧನೌಕೆಗಳು ಕಾವಲಿಗೆ ಬಂದವು. 2024ರ ಮಾರ್ಚ್‌ನಲ್ಲಿ ‘ಟ್ರೂ ಕಾನ್ಫಿಡೆನ್ಸ್’ ಹಡಗಿಗೆ ಕ್ಷಿಪಣಿ ಬಡಿದಾಗ ಸಿಬ್ಬಂದಿಯನ್ನು ರಕ್ಷಿಸಿದ್ದು ನಮ್ಮ ಐಎನ್‌ಎಸ್ ಕೋಲ್ಕತಾ. ಆದರೂ ವ್ಯಾಪಾರಿ ಹಡಗುಗಳು ವಾಪಸ್ ಬರಲಿಲ್ಲ.

ಕಾರಣ ಸರಳ. ದಾಳಿ ಮಾಡುವವರ ಕೈಯಲ್ಲಿದ್ದದ್ದು ಅಗ್ಗದ ಡ್ರೋನ್. ಅದನ್ನು ಹೊಡೆಯಲು ನೌಕಾಪಡೆ ಬಳಸುವ ಕ್ಷಿಪಣಿಗೆ ಅದರ ಎಷ್ಟೋ ಪಟ್ಟು ಬೆಲೆ. ನೂರರಲ್ಲಿ ತೊಂಬತ್ತೊಂಬತ್ತು ಡ್ರೋನ್ ತಡೆದರೂ ಉಳಿದ ಒಂದರ ಭಯ ಸಾಕು. ವಿಮಾ ಕಂಪನಿ ಆ ಒಂದಕ್ಕೇ ಲೆಕ್ಕ ಹಾಕುತ್ತದೆ. 2024ರ ಆರಂಭದಲ್ಲಿ ಒಂದು ಸಲ ಕೆಂಪು ಸಮುದ್ರ ದಾಟಲು ಯುದ್ಧ ವಿಮೆಯ ದರ ಹಡಗಿನ ಬೆಲೆಯ ಶೇ. 1ರ ಹತ್ತಿರಕ್ಕೆ ಹೋಗಿತ್ತು. ಹತ್ತು ಕೋಟಿ ಡಾಲರ್ ಹಡಗಿಗೆ ಹತ್ತು ಲಕ್ಷ ಡಾಲರ್. ಅದಕ್ಕಿಂತ ಆಫ್ರಿಕಾ ಸುತ್ತಿ ಹೋಗುವುದೇ ವಾಸಿ ಎಂದು ಕಂಪನಿಗಳು ತೀರ್ಮಾನಿಸಿದವು. ಸಮುದ್ರದ ದಾರಿಯನ್ನು ಮುಚ್ಚಲು ದೊಡ್ಡ ನೌಕಾಪಡೆ ಬೇಕಿಲ್ಲ, ವಿಮೆಯ ಲೆಕ್ಕ ಕೆಡಿಸಿದರೆ ಸಾಕು ಎಂಬುದು ಆಗ ಗೊತ್ತಾಯಿತು. ಇನ್ನು ಮುಂದೆ ಬೇರೆ ಕಡೆಯೂ ಇದನ್ನು ಬಳಸುವವರು ಇರುತ್ತಾರೆ.

ಇಟಲಿ ದೂರವಾಯಿತು

ಗುಡ್ ಹೋಪ್ ಭೂಶಿರ ಸುತ್ತಿದರೆ ಯೂರೋಪಿಗೆ ಹತ್ತರಿಂದ ಹದಿನಾಲ್ಕು ದಿನ ಹೆಚ್ಚು ಎಂದು ಪತ್ರಿಕೆಗಳು ಬರೆದವು. ಸರಾಸರಿಗೆ ಅದು ಸರಿ. ಆದರೆ ಯೂರೋಪಿನ ಎಲ್ಲ ಬಂದರಿಗೂ ಪೆಟ್ಟು ಒಂದೇ ಥರ ಬೀಳಲಿಲ್ಲ. ಭೂಪಟ ಮುಂದಿಟ್ಟುಕೊಂಡು ನೋಡಿ. ರೋಟರ್‌ಡಾಮ್ ಅಟ್ಲಾಂಟಿಕ್ ಕಡೆಗಿದೆ, ಆಫ್ರಿಕಾ ಸುತ್ತಿ ಬಂದ ಹಡಗು ನೇರ ಮೇಲೆ ಹೋಗುತ್ತದೆ. ಇಟಲಿಯ ಜಿನೋವಾ, ಟ್ರಿಯೆಸ್ಟ್ ಇರುವುದು ಮೆಡಿಟರೇನಿಯನ್ ಒಳಗೆ. ಸೂಯೆಜ್ ಮೂಲಕ ಹೋದರೆ ಅವು ನಮಗೆ ತೀರಾ ಹತ್ತಿರದ ಯೂರೋಪಿನ ಬಂದರುಗಳು. ಸೂಯೆಜ್ ಬಿಟ್ಟರೆ ಹಡಗು ಇಡೀ ಆಫ್ರಿಕಾ ಸುತ್ತಿ, ಜಿಬ್ರಾಲ್ಟರ್‌ನಲ್ಲಿ ಒಳಗೆ ನುಗ್ಗಿ, ಮತ್ತೆ ಪೂರ್ವಕ್ಕೆ ಬರಬೇಕು. ದೂರ ದುಪ್ಪಟ್ಟಿಗಿಂತಲೂ ಜಾಸ್ತಿ ಆಗುತ್ತದೆ. ನಮ್ಮ ಮೊದಲ ಗಿರಾಕಿಯೇ ಅತಿ ಹೆಚ್ಚು ದೂರ ಸರಿದ.

ಈಗ ಬ್ರೆಜಿಲ್ ನೋಡಿ. ಅಲ್ಲಿನ ಎಸ್ಪಿರಿಟೊ ಸಾಂಟೊ ರಾಜ್ಯದಲ್ಲಿ ಬೆಳೆಯುವ ಕೊನಿಲಾನ್ ನಮ್ಮ ರೋಬಸ್ಟಾದ ಜಾತಿಯದೇ. ಅದು ಅಟ್ಲಾಂಟಿಕ್ ದಾಟಿದರೆ ಯೂರೋಪ್. ಸೂಯೆಜ್ ತೆರೆದಿದೆಯೋ ಮುಚ್ಚಿದೆಯೋ ಅದಕ್ಕೆ ಸಂಬಂಧವೇ ಇಲ್ಲ. ವಿಯೆಟ್ನಾಂ, ಇಂಡೊನೇಷ್ಯಾ, ಭಾರತ ಮೂರಕ್ಕೂ ಸಂಬಂಧ ಇದೆ. ಅಂದರೆ ಒಂದು ಗುಂಡೂ ಹಾರಿಸದ ಬ್ರೆಜಿಲ್‌ಗೆ ಈ ಯುದ್ಧದಿಂದ ಅನುಕೂಲ ಆಯಿತು.

ಇನ್ನೊಂದು ವಿಷಯ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಅದು ಕಾಲದ ಲೆಕ್ಕ. ವಿಯೆಟ್ನಾಂನಲ್ಲಿ ಕೊಯ್ಲು ಅಕ್ಟೋಬರ್ ಕೊನೆಗೆ ಶುರುವಾಗಿ ಜನವರಿಗೆ ಮುಗಿಯುತ್ತದೆ. ಕೊಡಗಿನ ರೋಬಸ್ಟಾ ಕೊಯ್ಲು ಡಿಸೆಂಬರ್ ಕೊನೆಯಿಂದ ಫೆಬ್ರವರಿ, ಮಾರ್ಚ್‌ವರೆಗೆ. ಕಣದಲ್ಲಿ ಒಣಗಿ, ಕ್ಯೂರಿಂಗ್ ಮುಗಿದು ಹಡಗು ಹತ್ತುವ ಹೊತ್ತಿಗೆ ಮಾರ್ಚ್, ಏಪ್ರಿಲ್. ಬ್ರೆಜಿಲ್‌ನ ಕೊನಿಲಾನ್ ಕೊಯ್ಲು ಏಪ್ರಿಲ್‌ನಲ್ಲಿ ಶುರು. ಅಂದರೆ ವಿಯೆಟ್ನಾಂ, ಬ್ರೆಜಿಲ್ ಬೆಳೆಗಳ ನಡುವೆ ನಮಗೆ ಸಿಗುವುದು ಸಣ್ಣ ಸಂದು. ಮಾರ್ಚ್ ಕೊನೆಯಲ್ಲಿ ಮಂಗಳೂರು ಬಿಟ್ಟ ಕಾಫಿ ಏಪ್ರಿಲ್‌ನಲ್ಲೇ ಇಟಲಿ ಮುಟ್ಟಿದರೆ ಗಿರಾಕಿಗೆ ಅದು ಬೇಕು. ಮೇ ಮಧ್ಯಕ್ಕೆ ಮುಟ್ಟಿದರೆ, ಅಷ್ಟರಲ್ಲಿ ಬ್ರೆಜಿಲ್‌ನ ಹೊಸ ಬೆಳೆಯ ರೇಟು ಅವನ ಮೇಜಿನ ಮೇಲೆ ಇರುತ್ತದೆ. ಎರಡು ವಾರದ ತಡ ನಮ್ಮ ಚೌಕಾಸಿಯ ಶಕ್ತಿಯನ್ನೇ ಕಡಿಮೆ ಮಾಡುತ್ತದೆ.

ಮಾಲಿನ ಗುಣಮಟ್ಟದ ಮೇಲೂ ಇದರ ಪರಿಣಾಮ ಇದೆ. ಆಫ್ರಿಕಾ ಸುತ್ತುವ ಹಡಗು ಬಿಸಿಯಿಂದ ತಂಪಿಗೆ, ಮತ್ತೆ ಬಿಸಿಗೆ, ಮತ್ತೆ ತಂಪಿಗೆ ಹೋಗುತ್ತದೆ. ಕಂಟೇನರ್ ಒಳಗೆ ತೇವ ಕೂತು ಮೇಲಿನ ತಗಡಿನಿಂದ ಚೀಲದ ಮೇಲೆ ತೊಟ್ಟಿಕ್ಕುತ್ತದೆ. ಸರಿಯಾಗಿ ಒಣಗದ ಕಾಫಿ ಆದರೆ ಬೂಷ್ಟು ಹಿಡಿಯುತ್ತದೆ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮುಂಚೆ ನಮ್ಮ ಕರಾವಳಿಯ ಕಾಫಿ ತಿಂಗಳುಗಟ್ಟಲೆ ಹಾಯಿ ಹಡಗಿನಲ್ಲಿ ಈ ದಾರಿಯಲ್ಲೇ ಹೋಗುತ್ತಿತ್ತು, ಕಡಲ ತೇವ ಕುಡಿದು ಬಣ್ಣ, ರುಚಿ ಎರಡೂ ಬದಲಾಗುತ್ತಿತ್ತು. ಯೂರೋಪಿನವರಿಗೆ ಅದೇ ರುಚಿ ಅಭ್ಯಾಸವಾಯಿತು. ದಾರಿ ಹತ್ತಿರವಾದ ಮೇಲೆ ಆ ರುಚಿಯನ್ನು ಬೇಕೆಂದೇ ಮಾಡಬೇಕಾಯಿತು. ಇವತ್ತಿಗೂ ಮಂಗಳೂರಿನ ಗೋಡೌನುಗಳಲ್ಲಿ ಮಳೆಗಾಲದ ಗಾಳಿಗೆ ಕಾಫಿ ಹರಡಿ ತಯಾರಿಸುವ ಮಾನ್‌ಸೂನ್ಡ್ ಮಲಬಾರ್ ಹುಟ್ಟಿದ್ದು ಹಾಗೆ. ಹಡಗಿನ ದಾರಿಯೇ ಒಂದು ಸರಕನ್ನು ಹುಟ್ಟಿಸಿದ ಉದಾಹರಣೆ ಇದು. ಬಹಳ ಒಳ್ಳೆಯ ರೇಟಿಗೆ ಈಗಲೂ ಹೋಗುತ್ತದೆ.

ಒಂದು ಕಂಟೇನರಿನ ಲೆಕ್ಕ

ದಾರಿ ಖರ್ಚು ಎಷ್ಟು ದೊಡ್ಡದು ಎಂದು ಒಂದು ಕಂಟೇನರ್ ಹಿಡಿದು ನೋಡೋಣ. 20 ಅಡಿ ಕಂಟೇನರಿನಲ್ಲಿ 60 ಕಿಲೋದ 320 ಚೀಲ ಹಿಡಿಯುತ್ತದೆ, ಅಂದರೆ 19,200 ಕಿಲೋ ಕ್ಲೀನ್ ಕಾಫಿ. ಹಡಗಿನ ಬಾಡಿಗೆ ಒಂದು ಲಕ್ಷ ರೂಪಾಯಿ ಹೆಚ್ಚಿತು ಅಂದುಕೊಳ್ಳಿ. ಕಿಲೋಗೆ 5 ರೂಪಾಯಿ 20 ಪೈಸೆ. ಲಂಡನ್‌ನಲ್ಲಿ ಟನ್‌ಗೆ 4,000 ಡಾಲರ್ ಇದ್ದು, ಡಾಲರ್‌ಗೆ 85 ರೂಪಾಯಿ ಹಿಡಿದರೆ ಆ ಕಂಟೇನರಿನ ಬೆಲೆ ಸುಮಾರು 65 ಲಕ್ಷ. ಅಷ್ಟು ಹಣ ಇನ್ನೂ 14 ದಿನ ಸಮುದ್ರದಲ್ಲೇ ಸಿಕ್ಕಿಕೊಂಡಿದ್ದರೆ, ಶೇ. 10ರ ಬಡ್ಡಿಯಲ್ಲಿ 25,000 ರೂಪಾಯಿ. ಕಿಲೋಗೆ 1 ರೂಪಾಯಿ 30 ಪೈಸೆ. ಎರಡೂ ಸೇರಿದರೆ ಕಿಲೋಗೆ ಆರೂವರೆ ರೂಪಾಯಿ. 26 ಔಟ್‌ಟರ್ನಿನ ಚೆರಿ ಮೂಟೆಗೆ ಸುಮಾರು 170 ರೂಪಾಯಿ.

ಈಗ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡಿ. ಲಂಡನ್ ಟರ್ಮಿನಲ್ ಟನ್‌ಗೆ 1,000 ಡಾಲರ್ ಇಳಿದರೆ ಕಿಲೋಗೆ 85 ರೂಪಾಯಿ ಹೋಯಿತು. ಅದೇ ಚೆರಿ ಮೂಟೆಗೆ 2,210 ರೂಪಾಯಿ.

ಕ್ಷಿಪಣಿಯಿಂದ 170, ಮಾರುಕಟ್ಟೆಯಿಂದ 2,210. ಹಾಗಾದರೆ ಯುದ್ಧವನ್ನು ಮರೆತುಬಿಡಬಹುದಾ? ಬೆಳೆಗಾರರ ಮಟ್ಟಿಗೆ ಅದು ಸಣ್ಣ ಮೊತ್ತ ಅನಿಸಬಹುದು. ಆದರೆ ಕಿಲೋಗೆ ಕೆಲವೇ ರೂಪಾಯಿ ಲಾಭದಲ್ಲಿ ವ್ಯಾಪಾರ ಮಾಡುವ ರಫ್ತುದಾರನಿಗೆ ಆರೂವರೆ ರೂಪಾಯಿ ಅಂದರೆ ಲಾಭವೇ ಹೋದ ಹಾಗೆ. ಅವನು ಅದನ್ನು ಯಾರ ಮೇಲಾದರೂ ಹಾಕಲೇಬೇಕು.

ಯಾರ ತಲೆಗೆ

2024ರಲ್ಲಿ ಜಗತ್ತಿನಲ್ಲಿ ಸಾಕಷ್ಟು ರೋಬಸ್ಟಾ ಇರಲಿಲ್ಲ. ವಿಯೆಟ್ನಾಂನಲ್ಲಿ ಬರ ಬಂದಿತ್ತು. ಅಲ್ಲಿನ ರೈತರಲ್ಲಿ ಕೆಲವರು ಕಾಫಿ ಕಿತ್ತು ಡುರಿಯನ್ ಹಣ್ಣು ಹಾಕಿದ್ದರು. ಇದ್ದ ಮಾಲನ್ನೂ ಹಲವರು ಬಿಡಲಿಲ್ಲ. ಯೂರೋಪಿನ ಹುರಿಯುವ ಕಂಪನಿಗಳ ಗೋಡೌನು ಖಾಲಿ. ಅದೇ ಹೊತ್ತಿಗೆ ಹಡಗು ತಡವಾಯಿತು. ತಡ ಅಂದರೆ ಮಾಲು ಇನ್ನೂ ಕಡಿಮೆ ಎಂದೇ ಅರ್ಥ, ಏಕೆಂದರೆ ಸಮುದ್ರದಲ್ಲಿರುವ ಕಾಫಿಯನ್ನು ಹುರಿಯಲು ಆಗುವುದಿಲ್ಲ. ಬೇಕು ಅಂದವನು ಬಾಡಿಗೆಯನ್ನೂ ಕೊಟ್ಟ, ರೇಟನ್ನೂ ಕೊಟ್ಟ. ದಾರಿ ಖರ್ಚು ಮೇಲಕ್ಕೆ, ಕುಡಿಯುವವನ ಕಪ್ಪಿನವರೆಗೆ ಹೋಯಿತು.

2025ರ ಜುಲೈನಲ್ಲಿ ಸ್ಥಿತಿ ತಿರುಗಿತ್ತು. ಬ್ರೆಜಿಲ್‌ನ ಕೊನಿಲಾನ್ ಕೊಯ್ಲು ಚೆನ್ನಾಗಿ ಬಂದಿತ್ತು. ವಿಯೆಟ್ನಾಂನ ಮುಂದಿನ ಬೆಳೆಯೂ ಪರವಾಗಿಲ್ಲ ಎಂಬ ಅಂದಾಜಿತ್ತು. ಗಿರಾಕಿಗೆ ಆಯ್ಕೆ ಇತ್ತು. ಆಯ್ಕೆ ಇದ್ದವನು ದೂರದ ಮಾಲಿಗೆ ಹೆಚ್ಚು ಕೊಡುವುದಿಲ್ಲ. ನಿಮ್ಮ ದಾರಿ ಉದ್ದ ಆದರೆ ಅದು ನಿಮ್ಮ ಸಮಸ್ಯೆ ಅನ್ನುತ್ತಾನೆ. ಭಾರತದ ಕಾಫಿ ಸಾಮಾನ್ಯವಾಗಿ ನಮ್ಮ ಬಂದರಿನ ಲೆಕ್ಕಕ್ಕೇ ಮಾರಾಟ ಆಗುತ್ತದೆ, ಹಡಗಿನ ಬಾಡಿಗೆ ಗಿರಾಕಿಯದ್ದು. ಕಾಗದದ ಮೇಲೆ ಖರ್ಚು ಅವನದೇ. ಆದರೆ ಅವನು ಅದನ್ನು ಡಿಫರೆನ್ಷಿಯಲ್‌ನಲ್ಲಿ ಕಡಿದುಕೊಳ್ಳುತ್ತಾನೆ. ರಫ್ತುದಾರ ಕ್ಯೂರರ್‌ಗೆ ಕಡಿಮೆ ಹೇಳುತ್ತಾನೆ, ಕ್ಯೂರರ್ ಊರಿನ ವ್ಯಾಪಾರಿಗೆ. ಕೊನೆಗೆ ಕಣದ ಹತ್ತಿರ ಬಂದು ನಿಲ್ಲುತ್ತದೆ. ಅಲ್ಲಿಂದ ಕೆಳಗೆ ದಾಟಿಸಲು ಯಾರೂ ಇಲ್ಲ, ಲೈನ್‌ಮನೆಯ ಕೂಲಿಯವರನ್ನು ಬಿಟ್ಟರೆ.

ಹಾಗಾಗಿ ಯುದ್ಧದ ಸುದ್ದಿ ಬಂದಾಗ ಮೊದಲು ಕೇಳಬೇಕಾದದ್ದು ಗೋಡೌನುಗಳಲ್ಲಿ ಮಾಲು ಎಷ್ಟಿದೆ ಎಂದು. ಮಾಲು ಕೊರತೆ ಇದ್ದಾಗ ಯುದ್ಧದ ಖರ್ಚು ಕುಡಿಯುವವನದು. ಮಾಲು ಸಾಕಷ್ಟಿದ್ದಾಗ ಅದು ಬೆಳೆಯುವವನದು.

ಇದು ಮೊದಲ ಸಲವಲ್ಲ

ಎರಡನೇ ಮಹಾಯುದ್ಧ ಶುರುವಾದಾಗ ಯೂರೋಪಿನ ಮಾರುಕಟ್ಟೆ ಒಮ್ಮೆಲೇ ಬಂದ್ ಆಯಿತು. ಇಲ್ಲಿ ಕಾಫಿ ರಾಶಿ ಬಿತ್ತು. 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಕಾಯ್ದೆ ಬಂದದ್ದು ಈ ಕಾರಣಕ್ಕೆ. ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರದ್ದೂ ಸೇರಿದ ಒಟ್ಟು ದಾಸ್ತಾನಿಗೆ ಕೊಡಬೇಕು, ಮಂಡಳಿ ಮಾರಿ ಕಂತಿನಲ್ಲಿ ಹಣ ಕೊಡುತ್ತದೆ. ಯುದ್ಧ ಮುಗಿದರೂ ಆ ವ್ಯವಸ್ಥೆ ಐವತ್ತು ವರ್ಷ ಉಳಿಯಿತು. 1967ರ ಅರಬ್–ಇಸ್ರೇಲ್ ಯುದ್ಧದಿಂದ ಸೂಯೆಜ್ 1975ರವರೆಗೆ, ಎಂಟು ವರ್ಷ ಮುಚ್ಚಿತ್ತು. ಆಗ ಅದರ ಬಿಸಿ ಕೊಡಗಿನ ಬೆಳೆಗಾರರಿಗೆ ನೇರವಾಗಿ ತಟ್ಟಲಿಲ್ಲ, ಏಕೆಂದರೆ ನಡುವೆ ಪೂಲ್ ಇತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ದೊಡ್ಡ ಗಿರಾಕಿಯೇ ಹೋದ. ಮರು ವರ್ಷದಿಂದ ಹಂತ ಹಂತವಾಗಿ ಪೂಲ್ ಸಡಿಲವಾಗಿ, 1996ಕ್ಕೆ ಪೂರ್ತಿ ಹೋಯಿತು.

ಪೂಲ್ ಹೋದದ್ದು ಒಳ್ಳೆಯದೇ, ರೇಟು ಏರಿದಾಗ ಅದರ ಪೂರ್ತಿ ಲಾಭ ಬೆಳೆಗಾರರ ಕೈಗೆ ಬಂತು. ಜೊತೆಗೆ ರಿಸ್ಕ್ ಕೂಡ ಪೂರ್ತಿ ಬಂತು. 2001–02ರಲ್ಲಿ ವಿಯೆಟ್ನಾಂ ಮಾಲು ಜಗತ್ತಿನಲ್ಲೆಲ್ಲ ತುಂಬಿ ರೇಟು ನೆಲ ಕಚ್ಚಿದಾಗ ಅದನ್ನು ಕೊಡಗಿನ ಪ್ರತಿ ಮನೆಯೂ ಅನುಭವಿಸಿದೆ.

ಬಂದೂಕಿಲ್ಲದ ಯುದ್ಧ

2025ರ ಆಗಸ್ಟ್‌ನಲ್ಲಿ ರೇಟು ಮತ್ತೆ ಏರಿತು. ಈ ಸಲ ಕಾರಣ ಕೆಂಪು ಸಮುದ್ರ ಅಲ್ಲ, ವಾಷಿಂಗ್ಟನ್. ಅಮೆರಿಕ ಬ್ರೆಜಿಲ್ ಮೇಲೆ ಶೇ. 50ರ ಸುಂಕ ಹಾಕಿತು, ಭಾರತದ ಮೇಲೂ ಅಷ್ಟೇ. ಅಮೆರಿಕ ಕುಡಿಯುವ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬ್ರೆಜಿಲ್‌ನದು. ಅದು ಕುಸಿದಾಗ ಅಮೆರಿಕದ ಕಂಪನಿಗಳು ಬೇರೆ ದೇಶಗಳ ಮಾಲಿಗೆ ಮುಗಿಬಿದ್ದವು, ಗೋಡೌನಿನ ದಾಸ್ತಾನು ಕರಗಿತು. ಹವಾಯಿ, ಪೋರ್ಟೊರಿಕೊ ಬಿಟ್ಟರೆ ಅಮೆರಿಕದಲ್ಲಿ ಕಾಫಿ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಸುಂಕ ಹಾಕಿ ಸ್ವಂತ ಬೆಳೆಗಾರರನ್ನು ಕಾಪಾಡುವ ಮಾತೇ ಇರಲಿಲ್ಲ. ಅಂಗಡಿಯಲ್ಲಿ ಕಾಫಿ ಪುಡಿ ದುಬಾರಿಯಾಗಿ ಜನ ಗೊಣಗಿದ ಮೇಲೆ ನವೆಂಬರ್‌ನಲ್ಲಿ ಕಾಫಿಗೆ ವಿನಾಯಿತಿ ಸಿಕ್ಕಿತು.

ಭಾರತದ ಕಾಫಿಯಲ್ಲಿ ಅಮೆರಿಕಕ್ಕೆ ಹೋಗುವುದು ಸಣ್ಣ ಪಾಲು. ಹಾಗಾಗಿ ನಮ್ಮ ಮೇಲೆ ಹಾಕಿದ ಸುಂಕದಿಂದ ಆದದ್ದು ಕಡಿಮೆ. ಬ್ರೆಜಿಲ್ ಮೇಲೆ ಹಾಕಿದ ಸುಂಕದಿಂದ ನಮಗೆ ಲಾಭ, ಅದು ತೆಗೆದಾಗ ನಷ್ಟ. ನಮ್ಮ ಹೆಸರೇ ಇಲ್ಲದ ಸುದ್ದಿ ನಮ್ಮ ರೇಟನ್ನು ಹೆಚ್ಚು ಅಲ್ಲಾಡಿಸುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕರಿಮೆಣಸಿನ ಕಥೆ ಬೇರೆ. ಅದು ಹೆಚ್ಚಾಗಿ ದೇಶದ ಒಳಗೇ ಮಾರಾಟ ಆಗುತ್ತದೆ. ಆದರೆ ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರಿಯಲ್ಲಿ ಅಗ್ಗಕ್ಕೆ ಒಳಬಂದಾಗ ಇಲ್ಲಿನ ರೇಟು ಬಿತ್ತು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟದ್ದು ಅದಕ್ಕೇ.

ಗೊಬ್ಬರದ ಚೀಲವೂ ಹಡಗಲ್ಲೇ ಬರುತ್ತದೆ

ಕಾಫಿ ಹೊರಗೆ ಹೋಗುವ ದಾರಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಒಳಗೆ ಬರುವ ದಾರಿಯನ್ನೂ ನೋಡಬೇಕು. ತೋಟಕ್ಕೆ ಹಾಕುವ ಪೊಟ್ಯಾಷ್ ಬಹುಪಾಲು ಹೊರದೇಶದ್ದು. ಬೆಲಾರುಸ್ ಮೇಲೆ ನಿರ್ಬಂಧ, ನಂತರ ಉಕ್ರೇನ್ ಯುದ್ಧ ಬಂದಾಗ, 2022ರಲ್ಲಿ 50 ಕಿಲೋ ಚೀಲ 1,700 ರೂಪಾಯಿ ಮುಟ್ಟಿತ್ತು. ಯೂರಿಯಾ ಹೆಚ್ಚಿನದು ಇಲ್ಲೇ ತಯಾರಾದರೂ ಅದಕ್ಕೆ ಬೇಕಾದ ಅನಿಲದ ದೊಡ್ಡ ಪಾಲು ಕತಾರ್‌ನಿಂದ ಹೋರ್ಮುಜ್ ಜಲಸಂಧಿ ದಾಟಿ ಬರಬೇಕು. ಹೂತಿಗಳ ದಾಳಿಯಿಂದ 2024ರ ಮಾರ್ಚ್‌ನಲ್ಲಿ ಮುಳುಗಿದ ‘ರೂಬಿಮಾರ್’ ಹಡಗಿನಲ್ಲಿ ಇದ್ದದ್ದೂ ಗೊಬ್ಬರವೇ, ಸುಮಾರು 21,000 ಟನ್. ಫೆಬ್ರವರಿಯಲ್ಲಿ ಹೂ ಬಿಡಿಸಲು ಸ್ಪ್ರಿಂಕ್ಲರ್ ಓಡಿಸುವವರಿಗೆ ಡೀಸೆಲ್ ಬೇರೆ. ಕಾಫಿ ರೇಟು ಇಳಿದಾಗಲೂ ಈ ಖರ್ಚುಗಳು ಇಳಿಯುವ ಗ್ಯಾರಂಟಿ ಇಲ್ಲ. ಮಾಲು ಸಾಕಷ್ಟಿರುವ ವರ್ಷದಲ್ಲಿ ಯುದ್ಧ ಬಂದರೆ ಪೆಟ್ಟು ಎರಡೂ ಕಡೆಯಿಂದ.

ಇಟ್ಟುಕೊಳ್ಳುವುದಾ, ಮಾರುವುದಾ

ಬೆಳೆಗಾರರಲ್ಲಿ ಎರಡು ವಾದ ಇದೆ. ಇಟ್ಟುಕೊಂಡವನೇ ಗೆದ್ದ, 2023ರಲ್ಲಿ ಅವಸರ ಮಾಡಿ ಮಾರಿದವರು ಕಳೆದುಕೊಂಡರು ಎನ್ನುವುದು ಒಂದು. ಕೊಯ್ಲಾದ ಕೂಡಲೇ ಮಾರಿ ಸಾಲ ತೀರಿಸಬೇಕು, ರೇಟು ಊಹೆ ಮಾಡುವುದು ನಮ್ಮ ಕೆಲಸವಲ್ಲ ಎನ್ನುವುದು ಇನ್ನೊಂದು. ಮೊದಲನೆಯವರು ಏರುವ ವರ್ಷದ ಅನುಭವದಿಂದ ಮಾತಾಡುತ್ತಾರೆ, ಎರಡನೆಯವರು ಇಳಿಯುವ ವರ್ಷದ್ದರಿಂದ. ಇಬ್ಬರದ್ದೂ ಸುಳ್ಳಲ್ಲ.

ನನ್ನ ಪ್ರಕಾರ ತೀರ್ಮಾನ ಕಾಲೆಂಡರ್ ನೋಡಿ ಆಗಬೇಕು. ಏಪ್ರಿಲ್‌ವರೆಗೆ ಇಟ್ಟುಕೊಳ್ಳುವುದಕ್ಕೆ ಅರ್ಥ ಇದೆ, ಆ ಸಂದಿನಲ್ಲಿ ನಮ್ಮ ಮಾಲಿಗೆ ಪೈಪೋಟಿ ಕಡಿಮೆ. ಮೇ ನಂತರ ಇಟ್ಟುಕೊಳ್ಳುವವರು ಬ್ರೆಜಿಲ್‌ನ ಹವಾಮಾನದ ಮೇಲೆ ಜೂಜು ಆಡುತ್ತಿದ್ದಾರೆ ಎಂದು ಗೊತ್ತಿದ್ದೇ ಇಟ್ಟುಕೊಳ್ಳಬೇಕು. 1994ರಲ್ಲಿ, 2021ರಲ್ಲಿ ಜುಲೈ ಹಿಮ ಬಿದ್ದು ಅಂಥವರು ಗೆದ್ದದ್ದುಂಟು. ಆದರೆ ಜೂನ್ ಬಂದರೆ ಇಲ್ಲಿ ಮಳೆ, ಗೋಡೌನಿನಲ್ಲಿ ತೇವ. 2018ರ ಆಗಸ್ಟ್‌ನಲ್ಲಿ ಸಂಪಾಜೆ ಘಾಟಿ ಕುಸಿದಾಗ ಮಂಗಳೂರು ಬಂದರಿನ ದಾರಿಯೇ ಬಹಳ ದಿನ ಇರಲಿಲ್ಲ. ಜಿಲ್ಲೆಯಲ್ಲಿ ರೈಲೂ ಇಲ್ಲ. ಕೆಂಪು ಸಮುದ್ರಕ್ಕಿಂತ ಮುಂಚೆ ದಾಟಬೇಕಾದ ಸಂದು ನಮ್ಮ ಘಾಟಿಯೇ.

ಬೆಳೆಯನ್ನು ಮೂರು ನಾಲ್ಕು ಪಾಲು ಮಾಡಿ ಬೇರೆ ಬೇರೆ ತಿಂಗಳಲ್ಲಿ ಮಾರುವುದು ದೊಡ್ಡ ಬುದ್ಧಿವಂತಿಕೆಯಂತೆ ಕಾಣುವುದಿಲ್ಲ. ಆದರೆ ಸುಮ್ನೆ ಒಂದೇ ಊಹೆಯ ಮೇಲೆ ವರ್ಷದ ದುಡಿಮೆ ಇಡುವುದಕ್ಕಿಂತ ಅದು ಎಷ್ಟೋ ಮೇಲು. ರೇಟು ಆಮೇಲೆ ಮಾಡಿಕೊಳ್ಳೋಣ ಎಂದು ವ್ಯಾಪಾರಿಯ ಗೋಡೌನಿನಲ್ಲಿ ಕಾಫಿ ಬಿಡುವವರು ಇನ್ನೂ ಒಂದು ರಿಸ್ಕ್ ಸೇರಿಸಿಕೊಳ್ಳುತ್ತಾರೆ. ರೇಟು ಒಂದೇ ಸಮ ಏರಿಳಿಯುವ ಕಾಲದಲ್ಲಿ ಮೊದಲು ಮುಳುಗುವುದು ವ್ಯಾಪಾರಿಗಳೇ.

ಮುಂದಿನ ಗೇಟು: ಪಹಣಿ

ಹಡಗು ಸೂಯೆಜ್‌ಗೆ ವಾಪಸ್ ಬಂದರೂ ಯೂರೋಪಿನ ಬಾಗಿಲಲ್ಲಿ ಇನ್ನೊಂದು ತಡೆ ಇದೆ. ಕಾಡು ಕಡಿದ ಜಾಗದಲ್ಲಿ ಬೆಳೆದ ಸರಕನ್ನು ಒಳಗೆ ಬಿಡಬಾರದು ಎಂಬ ಕಾಯ್ದೆಯನ್ನು ಯೂರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದಿಲ್ಲ ಎಂದು ತೋಟದ ಜಾಗದ ಸಮೇತ ತೋರಿಸಬೇಕು. ನಾಲ್ಕು ಹೆಕ್ಟೇರ್‌ಗಿಂತ ದೊಡ್ಡ ತೋಟಕ್ಕೆ ಸುತ್ತಳತೆಯ ನಕ್ಷೆ, ಚಿಕ್ಕದಕ್ಕೆ ಒಂದು ಬಿಂದು ಸಾಕು. ಜಾರಿ ಎರಡು ಸಲ ಮುಂದಕ್ಕೆ ಹೋಗಿದೆ. ಈಗಿನ ಪ್ರಕಾರ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30. ಮುಂದೂಡಿದ ಸುದ್ದಿ ಓದಿ ಇದು ಹೋಯಿತು ಅಂದುಕೊಂಡವರು ಬಹಳ. ಹೋಗಿಲ್ಲ.

ಇಲ್ಲಿ ಕೊಡಗಿಗೆ ನಿಜವಾದ ಅನುಕೂಲ ಇದೆ. ಭಾರತವನ್ನು ಯೂರೋಪ್ ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಹಾಕಿದೆ, ಬ್ರೆಜಿಲ್ ಆ ಪಟ್ಟಿಯಲ್ಲಿಲ್ಲ. ನಮ್ಮ ತೋಟಗಳು ಮರದ ನೆರಳಿನವು. ದೂರ ಹೆಚ್ಚಾದ ನಷ್ಟವನ್ನು ಕಾಗದಪತ್ರದ ಅನುಕೂಲದಿಂದ ತುಂಬಿಕೊಳ್ಳಬಹುದು. ದಾಖಲೆ ಸರಿ ಇರುವ ಮಾಲಿಗೆ ಹೆಚ್ಚಿನ ಡಿಫರೆನ್ಷಿಯಲ್ ಸಿಗುವ ಸಾಧ್ಯತೆ ಇದೆ, ಇಲ್ಲದ ಮಾಲು ಬೇರೆ ದೇಶಕ್ಕೆ ಕಡಿಮೆ ರೇಟಿಗೆ ಹೋಗುತ್ತದೆ.

ತೊಡಕು ಮನೆಯೊಳಗೇ ಇದೆ. ಕೊಡಗಿನ ಎಷ್ಟೋ ತೋಟಗಳ ಪಹಣಿ ಇವತ್ತಿಗೂ ಜಂಟಿ. ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನಲ್ಲಿ ಪಟ್ಟೇದಾರರ ಹೆಸರು ಒಂದು, ಅನುಭವದಲ್ಲಿರುವ ಕುಟುಂಬದವರು ಹತ್ತಾರು. ಯಾವ ತುಂಡು ಯಾರದ್ದು ಎಂಬುದು ಐನ್‌ಮನೆಯವರಿಗೆ (ಕುಟುಂಬದ ಮೂಲಮನೆಯವರಿಗೆ) ಬಾಯಿಮಾತಿನಲ್ಲಿ ಗೊತ್ತು, ನಕ್ಷೆಯಲ್ಲಿ ಇಲ್ಲ. ಹಡಗಿನ ದಾರಿ ತೆರೆಯುವುದು ನಮ್ಮ ಕೈಲಿಲ್ಲ. ಈ ತುಂಡುಗಳ ಅಳತೆ ಮಾಡಿಸಿ, ಬೆಳೆಯುವವರ ಹೆಸರಿನಲ್ಲಿ ಕಾಫಿ ಮಂಡಳಿಯಲ್ಲಿ ದಾಖಲಿಸುವ ಕೆಲಸ ನಮ್ಮ ಕೈಲಿದೆ. ಅದಕ್ಕೆ ಮೊದಲು ಕುಟುಂಬದವರೆಲ್ಲ ಒಟ್ಟಿಗೆ ಕೂತು ಮಾತಾಡಬೇಕು. ಕಂದಾಯ ಇಲಾಖೆಯೂ ಜಂಟಿ ಪಹಣಿ ಬಿಡಿಸುವ ಅರ್ಜಿಗಳನ್ನು ಮುಂದಿನ ಕೊಯ್ಲಿನ ಒಳಗೆ ಮುಗಿಸಬೇಕು.